ಯೇಸುವೇ ಮಹಾಯಾಜಕನಾದರೆ ಚರ್ಚಿನಲ್ಲಿ ಗುರುಗಳು ಯಾಕೆ?

ಪ್ರಶ್ನೆ: ನಾನು ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವಳು. ಮದುವೆಯಾಗಿ ಬಂದಿದ್ದು ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಪಂಗಡವಾದ ಸಿಎಸ್‌ಐ ಸಭೆಯ ಕುಟುಂಬಕ್ಕೆ. ಈಚೆಗೆ ಮನೆಯ ಪ್ರಾರ್ಥನಾ ಕೂಟದಲ್ಲಿ ಹಿರಿಯರೊಬ್ಬರು, "ಹೊಸ ಒಡಂಬಡಿಕೆಯಲ್ಲಿ ಯಾಜಕರೇ ಇಲ್ಲ, ನಾವೆಲ್ಲರೂ ಯಾಜಕರೇ. ಫಾದರ್ ಹತ್ತಿರ ಹೋಗುವುದು ಅಂದರೆ ಹಳೆಯ ಒಡಂಬಡಿಕೆಗೆ ವಾಪಸ್ ಹೋದ ಹಾಗೆ" ಅಂದರು. ನನ್ನ ಅಮ್ಮ ದಿನಾ ಬೆಳಿಗ್ಗೆ ಬಲಿಪೂಜೆಗೆ ಹೋಗುವವರು. ಅವರು ಮಾಡುತ್ತಿರುವುದು ತಪ್ಪೇ? ಹೊಸ ಒಡಂಬಡಿಕೆ ಅಂದರೆ ನಿಜಕ್ಕೂ ಏನು? ಯಾಜಕತ್ವಕ್ಕೂ ಅದಕ್ಕೂ ಏನು ಸಂಬಂಧ? ನಾನು ಎರಡೂ ಕಡೆ ಪ್ರಸಾದ (ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳಬಹುದೇ?

ಉತ್ತರ: ನಿಮ್ಮ ಅಮ್ಮ ಹಳೆಯ ಒಡಂಬಡಿಕೆಗೆ ವಾಪಸ್ ಹೋಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ನೋವು ಇರುವುದು ಅಲ್ಲೇ. ಆದರೆ ಆ ಹಿರಿಯರು ಎತ್ತಿದ ವಿಷಯವೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಪಶ್ಚಿಮದ ಸಭೆಗಳು ಐನೂರು ವರ್ಷಗಳಿಂದ ಬೇರೆಬೇರೆಯಾಗಿ ನಿಂತಿರುವುದಕ್ಕೆ ಇದೂ ಒಂದು ದೊಡ್ಡ ಕಾರಣ. ನಾನು ಸಿಎಸ್‌ಐ ಸಭೆಯವನು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಕ್ಯಾಥೊಲಿಕರ ನಂಬಿಕೆಯನ್ನು ಹೇಳುವಾಗ, ಅವರು ಓದಿದರೆ "ಹೌದು, ನಾವು ನಂಬುವುದು ಇದನ್ನೇ" ಅನ್ನುವ ಹಾಗೆ ಹೇಳಬೇಕು. ಹಾಗೆ ಹೇಳಲು ಪ್ರಯತ್ನಿಸುತ್ತೇನೆ.

ಒಡಂಬಡಿಕೆ ಅಂದರೆ ದೇವರೂ ಜನರೂ ಮಾಡಿಕೊಂಡ ಒಪ್ಪಂದ; ಬೈಬಲಿನ ಎರಡು ಭಾಗಗಳಿಗೂ ಇದೇ ಹೆಸರು. ಯಾಜಕ ಅಂದರೆ ಜನರ ಪರವಾಗಿ ದೇವರಿಗೆ ಯಜ್ಞ ಅರ್ಪಿಸುವವನು. ಎಲ್ಲ ಶುರುವಾಗುವುದು ಸೀನಾಯಿ ಬೆಟ್ಟದ ಬುಡದಲ್ಲಿ. ಐಗುಪ್ತದಿಂದ ಬಿಡುಗಡೆಯಾಗಿ ಬಂದ ಇಸ್ರಾಯೇಲರಿಗೆ ದೇವರು, ನೀವು ನನಗೆ ಯಾಜಕರ ರಾಜ್ಯವಾಗಿ, ಪರಿಶುದ್ಧ ಜನವಾಗಿ ಇರುತ್ತೀರಿ ಅನ್ನುತ್ತಾನೆ. ಇದು ವಿಮೋಚನಕಾಂಡ 19:6. ಆಗ ಮೋಶೆಯ ಅಣ್ಣ ಆರೋನನಿಗೆ ಇನ್ನೂ ಯಾಜಕನ ಪಟ್ಟ ಸಿಕ್ಕಿಲ್ಲ. ಅದು ಬರುವುದು 28, 29ನೇ ಅಧ್ಯಾಯಗಳಲ್ಲಿ. ಮಧ್ಯೆ 24ನೇ ಅಧ್ಯಾಯದಲ್ಲಿ ಒಡಂಬಡಿಕೆ ನೆರವೇರುತ್ತದೆ. ಅಲ್ಲಿ ಯಜ್ಞ ಅರ್ಪಿಸುವವರು ಇಸ್ರಾಯೇಲರ ಯುವಕರು, ಆರೋನನ ಮಕ್ಕಳಲ್ಲ. ಮೋಶೆ ರಕ್ತದಲ್ಲಿ ಅರ್ಧವನ್ನು ಯಜ್ಞವೇದಿಯ ಮೇಲೆ ಎರಚುತ್ತಾನೆ. ದೇವರ ಮಾತುಗಳನ್ನು ಓದಿ ಹೇಳುತ್ತಾನೆ. ಜನ "ಹಾಗೇ ನಡೆಯುತ್ತೇವೆ" ಎಂದು ಒಪ್ಪುತ್ತಾರೆ. ಆಮೇಲೆ ಉಳಿದರ್ಧವನ್ನು ಜನರ ಮೇಲೆ ಎರಚಿ, ಇದು ಒಡಂಬಡಿಕೆಯ ರಕ್ತ ಅನ್ನುತ್ತಾನೆ. ಒಂದೇ ರಕ್ತ, ಅತ್ತ ವೇದಿಗೂ ಇತ್ತ ಜನಕ್ಕೂ. ಯೇಸು ಕೊನೆಯ ಊಟದಲ್ಲಿ ಬಟ್ಟಲು ಎತ್ತಿಕೊಂಡು, ಇದು ನನ್ನ ರಕ್ತದಿಂದಾಗುವ ಹೊಸ ಒಡಂಬಡಿಕೆ ಎಂದು ಹೇಳಿದ ಮಾತಿನ ಹಿಂದೆ ಈ ದೃಶ್ಯ ಇದೆ.

ಈಗ ಆ ಹಿರಿಯರ ವಾದಕ್ಕೆ ಬನ್ನಿ. "ನೀವು ರಾಜವಂಶದ ಯಾಜಕರು" ಎಂದು 1 ಪೇತ್ರ 2:9 ಹೇಳುತ್ತದೆ, ಆದ್ದರಿಂದ ಬೇರೆ ಯಾಜಕರು ಬೇಡ ಎಂಬುದು ಅವರ ಲೆಕ್ಕ. ಆದರೆ ಪೇತ್ರ ಅಲ್ಲಿ ಎತ್ತಿಕೊಂಡಿರುವುದು ಸೀನಾಯಿಯ ಆ ವಚನವನ್ನೇ. ಹಳೆಯ ಒಡಂಬಡಿಕೆಯಲ್ಲಿ ಆ ವಚನವೂ ಇತ್ತು, ಆರೋನನೂ ಇದ್ದ. ಇಡೀ ಜನ ಯಾಜಕರು, ಆ ಜನದೊಳಗೆ ಒಂದು ಮನೆತನಕ್ಕೆ ಯಾಜಕ ಸೇವೆ. ಇಷ್ಟೇ ಅಲ್ಲ. ಅರಣ್ಯಕಾಂಡ 16ರಲ್ಲಿ ಕೋರಹ ಎಂಬವನು 250 ಮುಖಂಡರನ್ನು ಕಟ್ಟಿಕೊಂಡು ಬಂದು, ಸಭೆಯವರೆಲ್ಲರೂ ಪರಿಶುದ್ಧರೇ ಅಲ್ವಾ, ನೀವು ಯಾಕೆ ಹೆಚ್ಚಿನವರಾದಿರಿ ಎಂದು ಮೋಶೆ-ಆರೋನರನ್ನು ಕೇಳುತ್ತಾನೆ. ಅವನ ಗತಿ ಏನಾಯಿತು ಎಂಬುದು ಗೊತ್ತೇ ಇದೆ, ಭೂಮಿ ಬಾಯಿ ತೆರೆಯಿತು. ಹಾಗಾಗಿ ಪೇತ್ರನ ಒಂದು ವಚನದ ಬಲದಿಂದಲೇ ಕ್ಯಾಥೊಲಿಕರನ್ನು ಸೋಲಿಸಲು ಆಗುವುದಿಲ್ಲ. ಇದನ್ನು ನಮ್ಮ ಕಡೆಯವರು ಒಪ್ಪಿಕೊಳ್ಳಬೇಕು.

ಹಾಗಾದರೆ ಹೊಸದು ಏನು? ಅದಕ್ಕೆ ಹಳೆಯ ಯಾಜಕನ ಕೆಲಸ ಏನಿತ್ತು ಎಂಬುದನ್ನು ನೋಡಬೇಕು.

ಯಾಜಕಕಾಂಡ 16ನೇ ಅಧ್ಯಾಯ ತೆಗೆಯಿರಿ. ಏಳನೇ ತಿಂಗಳ ಹತ್ತನೇ ದಿನ, ದೋಷಪರಿಹಾರದ ದಿನ. ಮಹಾಯಾಜಕ ವರ್ಷಕ್ಕೆ ಆ ಒಂದು ದಿನ ಮಾತ್ರ ತೆರೆಯ ಆಚೆಗಿನ ಮಹಾಪರಿಶುದ್ಧ ಸ್ಥಳಕ್ಕೆ ಹೋಗುತ್ತಾನೆ. ಚಿನ್ನ, ರತ್ನ ಹಾಕಿದ ದೊಡ್ಡ ಉಡುಪು ತೆಗೆದಿಟ್ಟು, ಸಾದಾ ನಾರಿನ ಬಟ್ಟೆ ಹಾಕಿಕೊಳ್ಳುತ್ತಾನೆ. ಮೊದಲು ತನ್ನ ಪಾಪಕ್ಕಾಗಿ, ತನ್ನ ಮನೆಯವರ ಪಾಪಕ್ಕಾಗಿ ಒಂದು ಹೋರಿ. ಆಮೇಲೆ ಜನರಿಗಾಗಿ ಎರಡು ಹೋತಗಳು. ಒಂದು ಯಜ್ಞಕ್ಕೆ. ಇನ್ನೊಂದರ ತಲೆಯ ಮೇಲೆ ಎರಡೂ ಕೈಯಿಟ್ಟು, ಜನರ ಎಲ್ಲ ಅಪರಾಧಗಳನ್ನು ಬಾಯಿಬಿಟ್ಟು ಹೇಳಿ, ಅದನ್ನು ಕಾಡಿಗೆ ಅಟ್ಟುತ್ತಾರೆ. ಧೂಪದ ಹೊಗೆ ಕೃಪಾಸನವನ್ನು, ಅಂದರೆ ಒಡಂಬಡಿಕೆಯ ಪೆಟ್ಟಿಗೆಯ ಮುಚ್ಚಳವನ್ನು, ಮುಚ್ಚಬೇಕು, ಇಲ್ಲದಿದ್ದರೆ ಅವನು ಸಾಯುತ್ತಾನೆ. ಇದನ್ನು ಯಾರೂ ಹಗುರವಾಗಿ ನೋಡಬಾರದು. ಪಾಪ ಎಂಬುದು ದೊಡ್ಡ ವಿಷಯ, ಕ್ಷಮೆ ಎಂಬುದು ದೇವರೇ ಕೊಟ್ಟ ದಾರಿ ಎಂದು ಆ ಜನ ನಂಬಿದ್ದರು. "ಹಳೆಯ ಒಡಂಬಡಿಕೆಯಲ್ಲಿ ಬರೀ ಕಾನೂನು, ಹೊಸದರಲ್ಲಿ ಮಾತ್ರ ಕೃಪೆ" ಎನ್ನುವ ಪ್ರಸಂಗಗಳನ್ನು ಕೇಳಿದಾಗ ನನಗೆ ಬೇಸರವಾಗುತ್ತದೆ. ಯಾಜಕಕಾಂಡವನ್ನು ಓದದೆ ಆಡುವ ಮಾತು ಅದು.

ಆದರೆ ಒಂದು ತೊಡಕು ಇತ್ತು. ಮುಂದಿನ ವರ್ಷ ಏಳನೇ ತಿಂಗಳ ಹತ್ತನೇ ದಿನ ಮತ್ತೆ ಹೋರಿ, ಮತ್ತೆ ಹೋತ.

ಇಲ್ಲಿ ಯೆರೆಮೀಯ ಬರುತ್ತಾನೆ. ಅವನು ಅನಾತೋತ್ ಎಂಬ ಊರಿನ ಯಾಜಕರ ಮನೆತನದವನು. ಕ್ರಿ.ಪೂ. 587ರ ಆಸುಪಾಸಿನಲ್ಲಿ ಬಾಬೆಲಿನವರು ಯೆರೂಸಲೇಮನ್ನು ಹಿಡಿದು ದೇವಾಲಯವನ್ನು ಸುಟ್ಟರು. ಅದನ್ನು ಕಂಡ ಪ್ರವಾದಿ ಅವನು. 31ನೇ ಅಧ್ಯಾಯದ 31ರಿಂದ 34ನೇ ವಚನಗಳಲ್ಲಿ ಅವನ ಬಾಯಿಂದ ದೇವರು ಹೊಸ ಒಡಂಬಡಿಕೆಯ ಮಾತಾಡುತ್ತಾನೆ. ನನ್ನ ಧರ್ಮೋಪದೇಶವನ್ನು ಅವರ ಹೃದಯದಲ್ಲಿ ಬರೆಯುತ್ತೇನೆ. ನಾನು ಅವರ ದೇವರು, ಅವರು ನನ್ನ ಜನ. ನೆರೆಯವನಿಗೆ "ದೇವರನ್ನು ತಿಳಿದುಕೋ" ಎಂದು ಯಾರೂ ಕಲಿಸಬೇಕಾಗಿಲ್ಲ, ಚಿಕ್ಕವರಿಂದ ದೊಡ್ಡವರ ತನಕ ಎಲ್ಲರೂ ನನ್ನನ್ನು ತಿಳಿಯುತ್ತಾರೆ. ಯಾಕೆಂದರೆ ನಾನು ಅವರ ಅಪರಾಧವನ್ನು ಕ್ಷಮಿಸುತ್ತೇನೆ, ಅವರ ಪಾಪವನ್ನು ಇನ್ನು ನೆನಪಿಗೆ ತರುವುದಿಲ್ಲ.

ಕೊನೆಯ ವಾಕ್ಯ "ಯಾಕೆಂದರೆ" ಎಂದು ಶುರುವಾಗುತ್ತದೆ. ಹಿಂದಿನದೆಲ್ಲ ಅದರ ಮೇಲೆ ನಿಂತಿದೆ. ಹೃದಯದಲ್ಲಿ ಬರೆಯುವುದು, ದೇವರನ್ನು ತಿಳಿಯುವುದು, ಎಲ್ಲಕ್ಕೂ ಕಾರಣ ದೇವರು ಪಾಪವನ್ನು ಮರೆಯುವುದು. ಈ ನಾಲ್ಕು ವಚನಗಳಲ್ಲಿ ದೇವಾಲಯ ಇಲ್ಲ, ಯಜ್ಞವೇದಿ ಇಲ್ಲ, ಯಾಜಕನೂ ಇಲ್ಲ. ಹೇಳುತ್ತಿರುವವನು ಯಾಜಕರ ಮನೆಯ ಮಗ! ಆದರೆ ಅವಸರ ಬೇಡ. ಇದೇ ಪುಸ್ತಕದ 33:18ರಲ್ಲಿ ಲೇವಿ ಯಾಜಕರು, ಅಂದರೆ ಆರೋನನ ಕುಲದ ಯಾಜಕರು, ಎಂದಿಗೂ ಇಲ್ಲದೆ ಹೋಗುವುದಿಲ್ಲ ಎಂಬ ಮಾತೂ ಇದೆ. ಹಳೆಯ ಗ್ರೀಕ್ ಅನುವಾದದಲ್ಲಿ ಆ ಭಾಗ ಇಲ್ಲ, ಹೀಬ್ರೂ ಮೂಲದಲ್ಲಿ ಇದೆ. ಯೆರೆಮೀಯನ ಒಂದು ಪುಟ ಓದಿ "ಯಾಜಕತ್ವ ಮುಗಿಯಿತು" ಎಂದು ಘೋಷಿಸುವವರು ಎರಡು ಪುಟ ಮುಂದೆ ತಿರುಗಿಸಬೇಕು.

ಈ ಎರಡು ಎಳೆಗಳನ್ನು, ಒಡಂಬಡಿಕೆಯನ್ನೂ ಯಾಜಕತ್ವವನ್ನೂ, ಸೇರಿಸಿ ಗಂಟು ಹಾಕಿದ್ದು ಹೊಸ ಒಡಂಬಡಿಕೆಯ ಪುಸ್ತಕಗಳಲ್ಲಿ ಒಂದಾದ ಇಬ್ರಿಯರಿಗೆ ಬರೆದ ಪತ್ರಿಕೆ. ಬರೆದವರು ಯಾರೆಂದು ದೇವರಿಗೇ ಗೊತ್ತು ಎಂದು ಮೂರನೇ ಶತಮಾನದಲ್ಲೇ ಸಭೆಯ ಪಂಡಿತ ಒರಿಗೆನ್ ಹೇಳಿದ್ದಾನೆ. ಯೆರೆಮೀಯನ ಆ ಭಾಗವನ್ನು ಪತ್ರಿಕೆಯ 8ನೇ ಅಧ್ಯಾಯ ಪೂರ್ತಿಯಾಗಿ ಎತ್ತಿ ಬರೆಯುತ್ತದೆ. ಇಡೀ ಹೊಸ ಒಡಂಬಡಿಕೆಯಲ್ಲಿ ಹಳೆಯದರಿಂದ ಎತ್ತಿಕೊಂಡ ಅತಿ ಉದ್ದದ ಭಾಗ ಅದು.

ಬರೆದವರಿಗೆ ಮೊದಲೇ ಒಂದು ಕಷ್ಟ ಎದುರಾಗುತ್ತದೆ. ಯೇಸು ಯಾಜಕನೇ ಅಲ್ಲ! ಅವನು ಯೆಹೂದ ಕುಲದವನು, ಲೇವಿ ಕುಲದವನಲ್ಲ. ಯೆರೂಸಲೇಮಿನ ಆಲಯದಲ್ಲಿ ಅವನು ಒಂದು ದಿನವೂ ಯಜ್ಞ ಅರ್ಪಿಸಿದವನಲ್ಲ. ಪತ್ರಿಕೆ ಇದನ್ನು ಮುಚ್ಚಿಡುವುದಿಲ್ಲ. ಯೆಹೂದ ಕುಲದವರು ಯಾಜಕರಾಗುವ ಬಗ್ಗೆ ಮೋಶೆ ಏನೂ ಹೇಳಿಲ್ಲ ಎಂದು 7:14ರಲ್ಲಿ ಒಪ್ಪಿಕೊಳ್ಳುತ್ತದೆ. ಅವನು ಭೂಮಿಯ ಮೇಲಿದ್ದರೆ ಯಾಜಕನಾಗುತ್ತಲೇ ಇರಲಿಲ್ಲ ಎಂದು 8:4ರಲ್ಲಿ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ಲೇವಿಗಿಂತ ಹಿಂದಕ್ಕೆ ಹೋಗುತ್ತದೆ, ಆದಿಕಾಂಡ 14ಕ್ಕೆ. ಅಲ್ಲಿ ಸಾಲೇಮಿನ ಅರಸ ಮೆಲ್ಕಿಚೆದೆಕ ರೊಟ್ಟಿ, ದ್ರಾಕ್ಷಾರಸ ತಂದು ಅಬ್ರಹಾಮನನ್ನು ಆಶೀರ್ವದಿಸುತ್ತಾನೆ. ಅಬ್ರಹಾಮ ಅವನಿಗೆ ದಶಮಾಂಶ ಕೊಡುತ್ತಾನೆ. ಅರಸನೂ ಹೌದು, ಯಾಜಕನೂ ಹೌದು. ತಂದೆ ಯಾರು, ತಾಯಿ ಯಾರು, ಯಾವ ವಂಶ, ಯಾವುದನ್ನೂ ಬರೆದಿಲ್ಲ. 110ನೇ ಕೀರ್ತನೆ ದಾವೀದನ ವಂಶದ ಅರಸನಿಗೆ, ನೀನು ಮೆಲ್ಕಿಚೆದೆಕನ ತರಹದ ನಿತ್ಯ ಯಾಜಕ ಅನ್ನುತ್ತದೆ. ಆ ಕೀರ್ತನೆಯ ಮೊದಲ ವಚನವನ್ನು ಹೊಸ ಒಡಂಬಡಿಕೆಯ ಹಲವರು ಬಳಸಿದ್ದಾರೆ. ನಾಲ್ಕನೇ ವಚನವನ್ನು ಹಿಡಿದಿದ್ದು ಈ ಪತ್ರಿಕೆ ಒಂದೇ.

ಇದು ಆಕಾಶದಿಂದ ಬಿದ್ದ ಯೋಚನೆಯೂ ಅಲ್ಲ. 1956ರಲ್ಲಿ ಮೃತ ಸಮುದ್ರದ ಬಳಿ, ಕುಮ್ರಾನಿನ 11ನೇ ಗುಹೆಯಲ್ಲಿ ಸಿಕ್ಕ ಸುರುಳಿಗಳಲ್ಲಿ ಒಂದು ಪೂರ್ತಿ ಮೆಲ್ಕಿಚೆದೆಕನ ಬಗ್ಗೆಯೇ ಇದೆ. ಕೊನೆಯ ದೋಷಪರಿಹಾರದ ದಿನದಲ್ಲಿ ಬಂದು ಬಿಡುಗಡೆ ಮಾಡುವ ಪರಲೋಕದ ವ್ಯಕ್ತಿ ಅವನು, ಆ ಸುರುಳಿಯ ಪ್ರಕಾರ. ಹೊಸ ಒಡಂಬಡಿಕೆ ಎಂಬ ಮಾತನ್ನೂ ಆ ಸುರುಳಿಗಳನ್ನು ಇಟ್ಟುಕೊಂಡಿದ್ದ ಯೆಹೂದ್ಯ ಗುಂಪಿನವರು ತಮ್ಮ ಬಗ್ಗೆ ಬಳಸುತ್ತಿದ್ದರು. ಯೆಹೂದ್ಯರ ನಡುವೆಯೇ ನಡೆಯುತ್ತಿದ್ದ ಮಾತುಕತೆಯೊಳಗೆ ನಿಂತು ಈ ಪತ್ರಿಕೆ ಮಾತಾಡುತ್ತಿದೆ.

7:12ಕ್ಕೆ ಬಂದರೆ ನಿಮ್ಮ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ. ಯಾಜಕತ್ವ ಬದಲಾದರೆ ಧರ್ಮಶಾಸ್ತ್ರವೂ ಬದಲಾಗಲೇಬೇಕು ಅನ್ನುತ್ತದೆ ಅದು. ಒಡಂಬಡಿಕೆ ಎಂಬುದು ದೇವರಿಗೂ ಜನಕ್ಕೂ ನಡುವಿನ ನಂಟು. ಆ ನಂಟು ಮುರಿದಾಗಲೆಲ್ಲ ಜೋಡಿಸುವುದು ಯಾಜಕನ ಕೆಲಸ. ಆದ್ದರಿಂದ ಒಂದನ್ನು ಬಿಟ್ಟು ಇನ್ನೊಂದು ಇರುವುದಿಲ್ಲ. ಹಾಗಾದರೆ ಹಳೆಯ ಯಾಜಕರಲ್ಲಿ ಏನು ಕೊರತೆ? ಅವರು ಕೆಟ್ಟವರು ಅಂತ ಪತ್ರಿಕೆ ಎಲ್ಲೂ ಹೇಳುವುದಿಲ್ಲ. ಅದು ತೋರಿಸುವ ಕೊರತೆಗಳೇ ಬೇರೆ.

ಮೊದಲನೆಯದು, ಅವರು ಸಾಯುತ್ತಿದ್ದರು. ಆರೋನ ಹೋರ್ ಬೆಟ್ಟದ ಮೇಲೆ ಸಾಯುವ ಮೊದಲು ಮೋಶೆ ಅವನ ಯಾಜಕ ವಸ್ತ್ರಗಳನ್ನು ತೆಗೆದು ಮಗ ಎಲ್ಲಾಜಾರನಿಗೆ ತೊಡಿಸುತ್ತಾನೆ. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಕ್ರಿಸ್ತನಾದರೋ ಸದಾ ಜೀವಿಸುವವನು, ಆದ್ದರಿಂದ ಅವನ ಯಾಜಕತ್ವ ಇನ್ನೊಬ್ಬರ ಮೈಮೇಲೆ ಹೋಗುವುದಿಲ್ಲ. ಎರಡನೆಯದು ನನಗೆ ತುಂಬ ಹಿಡಿಸಿದ್ದು. ಪ್ರತಿಯೊಬ್ಬ ಯಾಜಕನೂ ದಿನಾ ನಿಂತುಕೊಂಡು ಅದೇ ಯಜ್ಞಗಳನ್ನು ಅರ್ಪಿಸುತ್ತಾ ಇರುತ್ತಾನೆ, ಆದರೆ ಇವನು ಒಂದೇ ಯಜ್ಞ ಅರ್ಪಿಸಿ ದೇವರ ಬಲಗಡೆಯಲ್ಲಿ ಕೂತನು ಎಂದು 10:11-12 ಹೇಳುತ್ತದೆ. ದೇವದರ್ಶನದ ಗುಡಾರದಲ್ಲಿ ಮೇಜು ಇತ್ತು, ದೀಪಸ್ತಂಭ ಇತ್ತು, ಧೂಪವೇದಿ ಇತ್ತು. ಯಾಜಕನಿಗೆ ಕೂರಲು ಪೀಠದ ಮಾತೇ ಇಲ್ಲ. ಕೆಲಸ ಮುಗಿಯುತ್ತಿರಲಿಲ್ಲ, ಕೂರುವುದು ಹೇಗೆ?

ಮೂರನೆಯದರಲ್ಲಿ ಯೆರೆಮೀಯ ಮತ್ತೆ ಬರುತ್ತಾನೆ. ಆ ಯಜ್ಞಗಳು ವರ್ಷ ವರ್ಷವೂ ಪಾಪಗಳನ್ನು ನೆನಪಿಗೆ ತರುತ್ತಿದ್ದವು ಎಂದು 10:3 ಹೇಳುತ್ತದೆ. ಹೊಸ ಒಡಂಬಡಿಕೆಯ ಭರವಸೆ ಏನಿತ್ತು? ಪಾಪವನ್ನು ಇನ್ನು ನೆನಪಿಗೆ ತರುವುದಿಲ್ಲ ಎಂದು. ವರ್ಷಕ್ಕೊಮ್ಮೆ ನೆನಪಿಸುವ ಏರ್ಪಾಟಿನಿಂದ, ಮರೆಯುವ ಭರವಸೆ ನೆರವೇರುವುದಿಲ್ಲ. ಅದಕ್ಕೆ ಬೇರೆ ಯಾಜಕ ಬೇಕಾಯಿತು. ಇಡೀ ಪತ್ರಿಕೆಯ ತಿರುಳು ಇಷ್ಟೇ ಎಂದು ನಾನು ನಂಬುತ್ತೇನೆ. ಅದು ಮತ್ತೆ ಮತ್ತೆ ಮನಸ್ಸಾಕ್ಷಿಯ ಮಾತಾಡುವುದೂ ಇದೇ ಕಾರಣಕ್ಕೆ. ಹೊರಗಿನ ಮೈಲಿಗೆ ಹೋಗಿರಬಹುದು, ಆದರೆ ಒಳಗೆ ಕೊರೆಯುವುದು ನಿಂತಿದೆಯಾ?

ಯೇಸು ಈ ಒಡಂಬಡಿಕೆಗೆ ಹೊಣೆಗಾರ ಎಂದೂ 7:22 ಹೇಳುತ್ತದೆ. ಊರಿನ ಸೊಸೈಟಿಯಲ್ಲಿ ಸಾಲ ತೆಗೆಯುವಾಗ ಜಾಮೀನು ಹಾಕಿದವರನ್ನು ನೆನೆಯಿರಿ. ಸಾಲಗಾರ ಕಟ್ಟದಿದ್ದರೆ ಅವರ ಕುತ್ತಿಗೆಗೆ ಬರುತ್ತದೆ. ಸೀನಾಯಿಯಲ್ಲಿ "ಹಾಗೇ ನಡೆಯುತ್ತೇವೆ" ಎಂದು ಮಾತು ಕೊಟ್ಟವರು ಜನ, ಅದನ್ನು ಮುರಿದವರೂ ಜನ. ಇಲ್ಲಿ ಜನರ ಪರವಾಗಿ ಒಬ್ಬನು ಮಾತನ್ನು ಉಳಿಸಿದ್ದಾನೆ, ಮುರಿದದ್ದರ ಬೆಲೆಯನ್ನೂ ಕೊಟ್ಟಿದ್ದಾನೆ. ದೂರ ನಿಂತು ಕೊಟ್ಟದ್ದಲ್ಲ. 4ನೇ, 5ನೇ ಅಧ್ಯಾಯಗಳಲ್ಲಿ ಅವನು ನಮ್ಮ ಹಾಗೆ ಶೋಧನೆಗೆ ಒಳಗಾದವನು, ಕಣ್ಣೀರಿಟ್ಟು ಪ್ರಾರ್ಥಿಸಿದವನು, ನಮ್ಮ ಬಲಹೀನತೆಗೆ ಮರುಗುವವನು. ಈಗಲೂ ನಮಗಾಗಿ ಬೇಡಿಕೊಳ್ಳುತ್ತಲೇ ಇದ್ದಾನೆ. ಯಜ್ಞ ಮುಗಿದಿದೆ, ಯಾಜಕನ ಪ್ರೀತಿ ಮುಗಿದಿಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತು. ಹಳೆಯದಾದದ್ದು ಕಾಣದೆ ಹೋಗಲಿದೆ ಎಂಬ 8:13ನ್ನು ಹಿಡಿದು, ದೇವರು ಯೆಹೂದ್ಯರನ್ನು ಕೈಬಿಟ್ಟ ಎಂದು ಕ್ರೈಸ್ತರು ಶತಮಾನಗಳ ಕಾಲ ಬೋಧಿಸಿದರು. ಅದರಿಂದ ಆ ಜನಕ್ಕೆ ಆದ ಹಿಂಸೆ ಸಣ್ಣದಲ್ಲ. ಯೆರೆಮೀಯನ ಮಾತು ಇರುವುದೇ ಇಸ್ರಾಯೇಲ್ ಮತ್ತು ಯೆಹೂದ ಮನೆತನಗಳಿಗೆ. ಕ್ರಿ.ಶ. 70ರಲ್ಲಿ ರೋಮನ್ನರು ಆಲಯವನ್ನು ಕೆಡವಿದ ಮೇಲೆ ಯಜ್ಞಗಳು ನಿಂತವು, ಯೆಹೂದ್ಯರ ವಿಶ್ವಾಸ ನಿಲ್ಲಲಿಲ್ಲ. ದೇವರ ವರಗಳೂ ಕರೆಯೂ ಹಿಂತೆಗೆಯುವಂಥವಲ್ಲ ಎಂದು ಪೌಲ ರೋಮಾಪುರದವರಿಗೆ 11:29ರಲ್ಲಿ ಬರೆದ. 1965ರಲ್ಲಿ ಕ್ಯಾಥೊಲಿಕ್ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ ಈ ಮಾತನ್ನೇ ಎತ್ತಿ ಹಿಡಿಯಿತು. 1980ರಲ್ಲಿ ಜರ್ಮನಿಯ ಮೈಂಜ್‌ನಲ್ಲಿ ಪೋಪ್ ಎರಡನೇ ಜಾನ್ ಪಾಲ್, ದೇವರು ಎಂದೂ ರದ್ದು ಮಾಡದ ಹಳೆಯ ಒಡಂಬಡಿಕೆಯ ಜನ ಎಂದು ಯೆಹೂದ್ಯರನ್ನು ಕರೆದರು. ನಾವು ಕಸಿ ಕಟ್ಟಿಸಿಕೊಂಡ ಕೊಂಬೆಗಳು, ಪೌಲನ ಮಾತಿನಲ್ಲೇ.

ಇನ್ನು ಗುರುಗಳ ವಿಷಯ. ಇಲ್ಲಿ ಆ ಹಿರಿಯರ ಪಕ್ಷಕ್ಕೆ ನಿಜವಾದ ಬಲ ಇದೆ. ಹೊಸ ಒಡಂಬಡಿಕೆಯ ಪುಸ್ತಕಗಳಲ್ಲಿ ಸಭೆಯ ಹಿರಿಯರಿದ್ದಾರೆ, ಅಧ್ಯಕ್ಷರಿದ್ದಾರೆ, ಸೇವಕರಿದ್ದಾರೆ, ಬೋಧಕರಿದ್ದಾರೆ. ಇವರಲ್ಲಿ ಯಾರನ್ನೂ ಯಾಜಕ ಎಂದು ಕರೆದಿಲ್ಲ. ಆ ಹೆಸರು ಕ್ರಿಸ್ತನಿಗೆ ಇದೆ, ಇಡೀ ಸಭೆಗೆ ಇದೆ. ಪೌಲ ರೋಮ 15:16ರಲ್ಲಿ ಸುವಾರ್ತೆ ಸಾರುವುದನ್ನು ಯಾಜಕ ಸೇವೆಯ ಮಾತುಗಳಲ್ಲಿ ವರ್ಣಿಸುತ್ತಾನೆ, ಅಷ್ಟೇ.

ಬದಲಾವಣೆ ನಿಧಾನವಾಗಿ ಬಂತು. ಮೊದಲ ಶತಮಾನದ ಕೊನೆಗೆ ರೋಮಿನ ಸಭೆ ಕೊರಿಂಥಕ್ಕೆ ಬರೆದ ಪತ್ರ ಸಭೆಯ ಶಿಸ್ತಿಗೆ ಮಹಾಯಾಜಕ, ಯಾಜಕ, ಲೇವಿಯರ ಉದಾಹರಣೆ ಕೊಟ್ಟಿತು. ಕ್ರಿ.ಶ. 200ರ ಹೊತ್ತಿಗೆ ಉತ್ತರ ಆಫ್ರಿಕದ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಬಿಷಪರನ್ನು ಮಹಾಯಾಜಕ ಎಂದ. ಸಾಮಾನ್ಯ ವಿಶ್ವಾಸಿಗಳೂ ಯಾಜಕರಲ್ಲವೇ ಎಂದು ಇನ್ನೊಂದು ಕಡೆ ಅವನೇ ಕೇಳಿದ. 258ರಲ್ಲಿ ಹುತಾತ್ಮನಾದ ಕಾರ್ತೇಜಿನ ಬಿಷಪ್ ಸಿಪ್ರಿಯನ್, ರೊಟ್ಟಿ-ದ್ರಾಕ್ಷಾರಸ ಅರ್ಪಿಸುವ ಯಾಜಕ ಕ್ರಿಸ್ತನ ಸ್ಥಾನದಲ್ಲಿ ನಿಂತು ಮಾಡುತ್ತಾನೆ ಎಂದು ಬರೆದ. ಕ್ಯಾಥೊಲಿಕರಿಗೆ ಇದು ಆತ್ಮನು ಸಭೆಯನ್ನು ನಡೆಸಿದ ರೀತಿ. ಪ್ರೊಟೆಸ್ಟಂಟರಿಗೆ ಇದು ದಾರಿ ತಪ್ಪಲು ಶುರುವಾದ ಜಾಗ. ನನ್ನ ಅಭಿಪ್ರಾಯ ಕೇಳಿದರೆ, ಸಿಪ್ರಿಯನ್ ಹೇಳಿದ್ದು ತಪ್ಪಲ್ಲ. ಮುಂದೆ ಮಧ್ಯಯುಗದಲ್ಲಿ ಗುರುಗಳು ಒಂದು ಮೇಲುವರ್ಗವಾಗಿ, ಜನ ಬರೀ ನೋಡುವವರಾಗಿ ಕೂತಿದ್ದು ತಪ್ಪು.

ಪ್ರೊಟೆಸ್ಟಂಟ್ ಸುಧಾರಣೆಯನ್ನು ಶುರುಮಾಡಿದ ಮಾರ್ಟಿನ್ ಲೂಥರ್ 1520ರಲ್ಲಿ ಎದ್ದದ್ದು ಇದರ ಮೇಲೆ. ದೀಕ್ಷಾಸ್ನಾನ (ಕ್ಯಾಥೊಲಿಕರು ಹೇಳುವ ಜ್ಞಾನಸ್ನಾನ) ಪಡೆದವರೆಲ್ಲರೂ ಯಾಜಕರಾಗಿಯೇ ಪ್ರತಿಷ್ಠೆಯಾದವರು ಎಂದು ಅವನು ಬರೆದ. ಚಮ್ಮಾರ, ಕಮ್ಮಾರ, ರೈತ, ಎಲ್ಲರಿಗೂ ಅವರವರ ಕೆಲಸ ಇದೆ, ಆದರೆ ದರ್ಜೆ ಒಂದೇ. ಒಂದಷ್ಟು ವಿಶ್ವಾಸಿಗಳು ಮರುಭೂಮಿಯಲ್ಲಿ ಸಿಕ್ಕಿಕೊಂಡರೆ, ತಮ್ಮಲ್ಲಿ ಒಬ್ಬನನ್ನು ಆರಿಸಿಕೊಂಡರೆ ಸಾಕು, ಅವನು ದೀಕ್ಷಾಸ್ನಾನ ಮಾಡಿಸಬಹುದು, ಪಾಪಕ್ಷಮೆ ಸಾರಬಹುದು. ಆದರೆ ಆ ಉದಾಹರಣೆಯಲ್ಲೂ "ಆರಿಸಿಕೊಂಡರೆ" ಎಂಬ ಮಾತು ಇದೆ. ಎಲ್ಲರೂ ಯಾಜಕರಾದ್ದರಿಂದಲೇ ಯಾರೂ ತಾನಾಗಿ ಮುಂದೆ ಬಂದು ನಿಲ್ಲಬಾರದು, ಸಭೆ ಕರೆಯಬೇಕು ಎಂದು ಲೂಥರ್ ಹೇಳಿದ. "ಎಲ್ಲರೂ ಯಾಜಕರು" ಎಂದರೆ "ನನಗೆ ಯಾರೂ ಬೇಡ" ಎಂದಲ್ಲ. ನೀನು ಇನ್ನೊಬ್ಬರಿಗಾಗಿ ದೇವರ ಮುಂದೆ ನಿಲ್ಲಬೇಕು ಎಂದು.

ಇದಕ್ಕೆ ಉತ್ತರವಾಗಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ 1562ರಲ್ಲಿ ಹೇಳಿದ್ದನ್ನು ನಿಮ್ಮ ಮನೆಯ ಹಿರಿಯರು ತಿಳಿಯಬೇಕು. ಬಲಿಪೂಜೆಯಲ್ಲಿ ಅರ್ಪಿತನಾಗುವವನು ಶಿಲುಬೆಯಲ್ಲಿ ಅರ್ಪಿತನಾದವನೇ, ಅರ್ಪಿಸುವವನೂ ಅವನೇ, ಈಗ ಗುರುಗಳ ಸೇವೆಯ ಮೂಲಕ. ಅರ್ಪಿಸುವ ರೀತಿ ಮಾತ್ರ ಬೇರೆ. ಅಂದರೆ ಕ್ರಿಸ್ತನನ್ನು ದಿನಾ ಮತ್ತೆ ಬಲಿ ಕೊಡುತ್ತಾರೆ ಎಂಬುದು ಕ್ಯಾಥೊಲಿಕ್ ಬೋಧನೆ ಅಲ್ಲವೇ ಅಲ್ಲ. ಮುಗಿದ ಆ ಒಂದೇ ಯಜ್ಞ ಇಂದು ನಮ್ಮ ಮುಂದೆ ಇರುತ್ತದೆ ಎಂಬುದು ಅವರ ನಂಬಿಕೆ. ಪೂರ್ವದ ಆರ್ಥೊಡಾಕ್ಸ್ ಸಭೆಯ ಆರಾಧನೆಯಲ್ಲಿ ಗುರುಗಳು ಕ್ರಿಸ್ತನಿಗೆ, ಅರ್ಪಿಸುವವನೂ ನೀನೇ, ಅರ್ಪಿತನಾಗುವವನೂ ನೀನೇ ಎಂದು ಪ್ರಾರ್ಥಿಸುತ್ತಾರೆ. ನಿಮ್ಮ ಅಮ್ಮ ಬೆಳಿಗ್ಗೆ ಎದ್ದು ಹೋಗುವುದು ಎರಡನೇ ಯಜ್ಞಕ್ಕಲ್ಲ. ಇಬ್ರಿಯರ ಪತ್ರಿಕೆ "ಒಂದೇ ಸಾರಿ" ಎಂದು ಹೇಳಿದ ಆ ಯಜ್ಞದ ಹತ್ತಿರಕ್ಕೇ.

1964ರಲ್ಲಿ ಅದೇ ಎರಡನೇ ವ್ಯಾಟಿಕನ್ ಮಹಾಸಭೆ ಇನ್ನೂ ಒಂದು ಹೆಜ್ಜೆ ಇಟ್ಟಿತು. ಜ್ಞಾನಸ್ನಾನ ಪಡೆದ ಎಲ್ಲರಿಗೂ ಯಾಜಕತ್ವ ಇದೆ, ದೀಕ್ಷೆ ಪಡೆದ ಗುರುಗಳಿಗೂ ಯಾಜಕತ್ವ ಇದೆ, ಎರಡೂ ಕ್ರಿಸ್ತನ ಒಂದೇ ಯಾಜಕತ್ವದಲ್ಲಿ ಪಾಲು ಪಡೆಯುತ್ತವೆ ಎಂದಿತು. ಆದರೆ ಇವೆರಡರ ವ್ಯತ್ಯಾಸ ಬರೀ ಹೆಚ್ಚು-ಕಡಿಮೆಯದಲ್ಲ, ಸ್ವರೂಪದ್ದೇ ಎಂದೂ ಸೇರಿಸಿತು. ಪ್ರೊಟೆಸ್ಟಂಟರಿಗೂ ಕ್ಯಾಥೊಲಿಕರಿಗೂ ಇಂದು ಇರುವ ನಿಜವಾದ ಭಿನ್ನಾಭಿಪ್ರಾಯ ಈ ಸಾಲಿನಲ್ಲಿದೆ. ದೀಕ್ಷೆ ಒಬ್ಬರಿಗೆ ಒಂದು ಕೆಲಸವನ್ನು ಕೊಡುತ್ತದೆಯೇ, ಇಲ್ಲಾ ಅವರನ್ನೇ ಬೇರೆಯಾಗಿ ಮಾಡುತ್ತದೆಯೇ? ನಾನು ಮೊದಲನೆಯದನ್ನು ಒಪ್ಪುತ್ತೇನೆ. ಇಬ್ರಿಯರ ಪತ್ರಿಕೆ ಯಾಜಕನ ಪಟ್ಟವನ್ನು ಒಬ್ಬನ ಮೈಮೇಲೆಯೇ ಬಿಟ್ಟಿದೆ ಎಂಬುದು ನನ್ನ ಓದು. ಆದರೆ ಇನ್ನೊಂದು ಪಕ್ಷವನ್ನು ಹಿಡಿದವರೂ ಅದೇ ಕ್ರಿಸ್ತನನ್ನು ಕಡಿಮೆ ಮಾಡುತ್ತಿಲ್ಲ. 1982ರಲ್ಲಿ ಪೆರುವಿನ ಲೀಮಾದಲ್ಲಿ ಹಲವು ಸಭೆಗಳ ಪಂಡಿತರು ಸೇರಿ ಸಿದ್ಧಪಡಿಸಿದ ಹೇಳಿಕೆ, ದೀಕ್ಷೆ ಪಡೆದವರನ್ನು ಯಾಜಕರೆನ್ನಬಹುದು, ಯಾಕೆಂದರೆ ಅವರ ಕೆಲಸ ವಿಶ್ವಾಸಿಗಳೆಲ್ಲರ ಯಾಜಕತ್ವವನ್ನು ಗಟ್ಟಿ ಮಾಡುವುದು ಎಂದಿತು. ಅದಕ್ಕೆ ನಾನೂ ತಲೆದೂಗುತ್ತೇನೆ.

ನಮ್ಮ ಕಡೆಯ ಬಗ್ಗೆಯೂ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. "ನಮಗೆ ಯಾಜಕರಿಲ್ಲ" ಎನ್ನುವ ಸಭೆಗಳಲ್ಲೇ ಇವತ್ತು ಒಬ್ಬ ಪಾಸ್ಟರ್ ಕೈಯಿಟ್ಟು ಪ್ರಾರ್ಥಿಸಿದರೆ ಮಾತ್ರ ಕೇಳುತ್ತದೆ, ಅವರು ಕೊಟ್ಟ ಎಣ್ಣೆಯೇ ಬೇಕು, ಅವರನ್ನು ಪ್ರಶ್ನಿಸಿದರೆ ದೇವರನ್ನೇ ಪ್ರಶ್ನಿಸಿದ ಹಾಗೆ ಎಂಬ ನಂಬಿಕೆ ಬೆಳೆಯುತ್ತಿದೆ. ಯೇಸು ಸತ್ತಾಗ ಹರಿದುಹೋದ ಆಲಯದ ತೆರೆಯನ್ನು ಮತ್ತೆ ಹೊಲಿದು ಕಟ್ಟುವ ಕೆಲಸ ಇದು. ಆರೋನನಿಗೆ ಕನಿಷ್ಠ ತನ್ನ ಪಾಪಕ್ಕಾಗಿ ಮೊದಲು ಹೋರಿ ಅರ್ಪಿಸಬೇಕೆಂಬ ನಿಯಮ ಇತ್ತು. ಇವರಿಗೆ ಅದೂ ಇಲ್ಲ. ಹಳೆಯ ಒಡಂಬಡಿಕೆಗೆ ವಾಪಸ್ ಹೋಗುವ ಭಯ ಇರುವವರು ಇದನ್ನೂ ನೋಡಲಿ.

ಎರಡೂ ಕಡೆ ಪ್ರಸಾದ ತೆಗೆದುಕೊಳ್ಳುವ ಪ್ರಶ್ನೆ ಕೊನೆಗೆ. ಕ್ಯಾಥೊಲಿಕ್ ಸಭೆಯ ನಿಯಮದ ಪ್ರಕಾರ ಕ್ಯಾಥೊಲಿಕರು ಪ್ರೊಟೆಸ್ಟಂಟ್ ಸಭೆಯಲ್ಲಿ ಕರ್ತನ ಭೋಜನ ತೆಗೆದುಕೊಳ್ಳುವಂತಿಲ್ಲ. ಪ್ರೊಟೆಸ್ಟಂಟರಿಗೂ ಸಾವಿನ ಅಪಾಯದಂಥ ಕೆಲವೇ ಸಂದರ್ಭಗಳನ್ನು ಬಿಟ್ಟರೆ ಅಲ್ಲಿ ಪರಮಪ್ರಸಾದ ಕೊಡುವುದಿಲ್ಲ. ಸಿಎಸ್‌ಐ ಸಭೆಗಳು ಸಾಮಾನ್ಯವಾಗಿ ತಮ್ಮ ಸಭೆಯಲ್ಲಿ ಪ್ರಸಾದ ತೆಗೆದುಕೊಳ್ಳುವ ಬೇರೆ ಸಭೆಯವರನ್ನೂ ಮೇಜಿಗೆ ಕರೆಯುತ್ತವೆ. ಈ ಅಡ್ಡಗೋಡೆಗೆ ಕಾರಣ ಮತ್ತೆ ಯಾಜಕತ್ವವೇ. ಆಂಗ್ಲಿಕನ್ (ಇಂಗ್ಲೆಂಡ್ ಮೂಲದ) ಸಭೆಯ ಗುರುದೀಕ್ಷೆ ಸಿಂಧುವಲ್ಲ ಎಂದು 1896ರಲ್ಲಿ ಪೋಪ್ ಹದಿಮೂರನೇ ಲಿಯೋ ಹೇಳಿದರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿದ ಸಿಎಸ್‌ಐಗೆ ಬಿಷಪರ ಪರಂಪರೆ ಬಂದಿದ್ದು ಆಂಗ್ಲಿಕನ್ ಸಭೆಯಿಂದ. ಮನುಷ್ಯರು ದೇವರ ಮುಂದೆ ನೀತಿವಂತರಾಗುವುದು ಹೇಗೆ ಎಂಬ ದೊಡ್ಡ ಜಗಳದಲ್ಲೇ ಲೂಥರನ್ನರೂ ಕ್ಯಾಥೊಲಿಕರೂ 1999ರಲ್ಲಿ ಒಂದು ಒಪ್ಪಿಗೆಗೆ ಬಂದರು. ದೀಕ್ಷೆಯ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಹೊಸ ಒಡಂಬಡಿಕೆಯ ಬಟ್ಟಲಿನ ಸುತ್ತಲೇ ನಾವು ಒಟ್ಟಿಗೆ ಕೂರಲಾರದೆ ಹೋಗಿರುವುದು ನನಗೆ ನಿಜವಾಗಿ ದುಃಖ ಕೊಡುತ್ತದೆ, ನಿಮ್ಮಂಥ ಮನೆಗಳಲ್ಲಿ ಅದು ಪ್ರತಿ ಭಾನುವಾರದ ದುಃಖ.

ನೀವು ಈಗಲೂ ಕ್ಯಾಥೊಲಿಕ್ ಸಭೆಯಲ್ಲೇ ಇದ್ದೀರಾ, ಇಲ್ಲಾ ಸಿಎಸ್‌ಐ ಸದಸ್ಯರಾಗಿದ್ದೀರಾ ಎಂಬುದು ಪತ್ರದಲ್ಲಿಲ್ಲ. ಅಲ್ಲೇ ಇದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳ ಹತ್ತಿರ ಮೊದಲು ಮಾತಾಡಿ, ಆಮೇಲೆ ನಿಮ್ಮ ಗಂಡನ ಸಭಾಪಾಲಕರ ಹತ್ತಿರ. ಇಬ್ಬರಿಗೂ ಒಂದೇ ಸಂಗತಿಯನ್ನು ಹೇಳಿ, ಒಬ್ಬರಿಗೆ ತಿಳಿಯದ ಹಾಗೆ ಇನ್ನೊಬ್ಬರಲ್ಲಿ ತೆಗೆದುಕೊಳ್ಳುವುದು ಬೇಡ. ಪ್ರಸಾದ ಬಿಟ್ಟು ಉಳಿದದ್ದಕ್ಕೆ ಅಡ್ಡಿ ಇಲ್ಲ. ನಿಮ್ಮ ಗಂಡ ನಿಮ್ಮ ಅಮ್ಮನ ಜೊತೆ ಬಲಿಪೂಜೆಗೆ ಹೋಗಿ ಕೂರಬಹುದು, ಹಾಡಬಹುದು, ಪ್ರಾರ್ಥಿಸಬಹುದು. ನಿಮ್ಮ ಅಮ್ಮನೂ ನಿಮ್ಮ ಮನೆಯ ಪ್ರಾರ್ಥನಾ ಕೂಟಕ್ಕೆ ಬರಬಹುದು. ಅವರು ಬಂದ ದಿನ ಆ ಹಿರಿಯರಿಗೆ ಇಬ್ರಿಯ 10:19ರಿಂದ 25ರ ತನಕ ಓದಲು ಹೇಳಿ.